ಲಾಫ್ಟಿನ ಕ್ಯಾಸೆಟ್ಟಿಗೆ ಯಾವ ಎಡಿಸಿ? ಕೊಳ್ಳುವ ಮುಂಚೆ, ಕೊಂಡ ಮೇಲೆ

ಮುಂಬಯಿಯ ಕನ್ನಡ ಮನೆಗಳ ಲಾಫ್ಟಿನಲ್ಲಿ ಬಿಸ್ಕತ್ತಿನ ಹಳೆಯ ಡಬ್ಬಿಯೊಂದು ಇರುತ್ತದೆ. ಮಾಟುಂಗದ ಮೈಸೂರು ಅಸೋಸಿಯೇಶನ್ನಿನಲ್ಲಿ ಎಂದೋ ನಡೆದ ತಾಳಮದ್ದಳೆ, ಊರಿನ ಮದುವೆಯಲ್ಲಿ ಅಜ್ಜಿ ಹಾಡಿದ ಶೋಭಾನೆ, ಗಣೇಶೋತ್ಸವದ ಪೆಂಡಾಲಿನಲ್ಲಿ ಟೂ-ಇನ್-ವನ್ ಇಟ್ಟು ಹಿಡಿದ ದಾಸರ ಪದ, ಎಲ್ಲವೂ ಅದರೊಳಗೆ. ಕೇಳುವವರದೆಲ್ಲ ಒಂದೇ ಪ್ರಶ್ನೆ: ‘ಇದನ್ನೆಲ್ಲ ಕಂಪ್ಯೂಟರಿಗೆ ಹಾಕಬೇಕು ಮಾರಾಯ್ರೆ, ಯಾವ ಎಡಿಸಿ ತಗೊಳ್ಳುವುದು? 192 ಇರುವುದೇ ಬೇಕಾ?’

ಎಡಿಸಿ (ಅನಲಾಗ್-ಟು-ಡಿಜಿಟಲ್ ಕನ್ವರ್ಟರ್) ಎಂದರೆ ಅನಲಾಗ್ ಸಂಕೇತವನ್ನು, ಅಂದರೆ ತಂತಿಯಲ್ಲಿ ಏರಿಳಿಯುವ ವೋಲ್ಟೇಜನ್ನು, ಅಂಕಿಗಳ ಸಾಲಾಗಿ ಬರೆದುಕೊಡುವ ಸಾಧನ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾದ 192 ಎಂಬ ಸಂಖ್ಯೆಗೆ, ಅಂದರೆ ಸೆಕೆಂಡಿಗೆ 1,92,000 ಸಲ ಅಳೆಯುತ್ತದೆ ಎಂಬ ಮಾತಿಗೆ, ನನ್ನ ಪಟ್ಟಿಯಲ್ಲಿ ಕೊನೆಯ ಜಾಗ. ಅದಕ್ಕಿಂತ ಮೊದಲು ಕ್ಯಾಸೆಟ್ ಡೆಕ್ಕಿನಲ್ಲಿ ಟೇಪನ್ನು ಓದುವ ಹೆಡ್ ಇದೆ, ಕೇಬಲ್ ಇದೆ, ಅರ್ಥಿಂಗ್ ಇದೆ, ಲೆವೆಲ್ ಇದೆ. ಇವುಗಳಲ್ಲಿ ಯಾವುದು ಎಲ್ಲಿ ಕೆಡುತ್ತದೆ ಎಂದು ತಿಳಿಯಬೇಕಾದರೆ ಎಡಿಸಿಯ ಒಳಗೊಮ್ಮೆ ಇಣುಕಬೇಕು. ಅಲ್ಲಿಂದಲೇ ಶುರು ಮಾಡೋಣ. ಅವಸರದವರು ನೇರ ಮೂರನೆಯ ಹಂತಕ್ಕೆ ಹೋಗಬಹುದು, ಆದರೆ ಏಳನೆಯದಕ್ಕೆ ಬಂದಾಗ ಮತ್ತೆ ಇಲ್ಲಿಗೇ ಮರಳಬೇಕಾದೀತು.

ಬೇಕಾಗುವ ಸಾಮಾನು: ಚೆನ್ನಾಗಿ ಓಡುವ ಕ್ಯಾಸೆಟ್ ಡೆಕ್ ಅಥವಾ ಟರ್ನ್‌ಟೇಬಲ್, ಯುಎಸ್‌ಬಿ ಎಡಿಸಿ (ಅಂಗಡಿಯಲ್ಲಿ ‘ಆಡಿಯೋ ಇಂಟರ್‌ಫೇಸ್’ ಅಥವಾ ‘ಸೌಂಡ್ ಕಾರ್ಡ್’ ಎಂದು ಕೇಳಿ), ಸರಿಯಾದ ಕೇಬಲ್, ಕಿವಿ ಮುಚ್ಚುವ ಹೆಡ್‌ಫೋನ್, ಲ್ಯಾಪ್‌ಟಾಪ್, ಐಸೊಪ್ರೊಪೈಲ್ ಆಲ್ಕೋಹಾಲ್, ಹತ್ತಿಯ ಕಡ್ಡಿ, ಸಣ್ಣ ಸ್ಕ್ರೂ ಡ್ರೈವರ್.

1. ಎರಡು ಸಂಖ್ಯೆಗಳು: ಎಷ್ಟು ಸಲ, ಎಷ್ಟು ಸೂಕ್ಷ್ಮ

ಎಡಿಸಿ ಮಾಡುವುದು ಅಳತೆಯ ಕೆಲಸ. ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಎಂಬುದು ಸ್ಯಾಂಪಲ್ ರೇಟ್. ಪ್ರತಿ ಸಲ ಎಷ್ಟು ಸಣ್ಣ ಗೆರೆಗಳಿರುವ ಅಳತೆಪಟ್ಟಿ ಹಿಡಿಯುತ್ತದೆ ಎಂಬುದು ಬಿಟ್. 16 ಬಿಟ್ಟಿನ ಪಟ್ಟಿಯಲ್ಲಿ 65,536 ಗೆರೆ, 24 ಬಿಟ್ಟಿನದರಲ್ಲಿ 1,67,77,216.

ಒಂದು ಕಂಪನವನ್ನು ಹಿಡಿಯಲು ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಸಾಕು, ಏನೂ ತಪ್ಪಿಹೋಗುವುದಿಲ್ಲ. ಇದು ನೈಕ್ವಿಸ್ಟ್ ಮತ್ತು ಶ್ಯಾನನ್ ಹೆಸರಿನ ಸೂತ್ರ. ಮನುಷ್ಯರ ಕಿವಿಗೆ ಹೆಚ್ಚೆಂದರೆ 20 ಕಿಲೋಹರ್ಟ್ಸ್ ಕೇಳುತ್ತದೆ, ನಡುವಯಸ್ಸು ದಾಟಿದವರಿಗೆ ಅಷ್ಟೂ ಇಲ್ಲ. ಹಾಗಾಗಿ ಸಿಡಿಗೆ 44.1 ಕಿಲೋಹರ್ಟ್ಸ್ ಸಾಕಾಯಿತು. ಆ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎನ್ನುತ್ತೀರಾ? ಆ ಕಾಲದಲ್ಲಿ ಡಿಜಿಟಲ್ ಧ್ವನಿಯನ್ನು ವಿಡಿಯೋ ಟೇಪಿನ ಮೇಲೆ ಬರೆಯುತ್ತಿದ್ದರು. ವಿಡಿಯೋ ಚಿತ್ರದ ಒಂದು ಗೆರೆಗೆ 3 ಅಳತೆ, ಒಂದು ಫೀಲ್ಡಿಗೆ (ಅರ್ಧ ಚಿತ್ರಕ್ಕೆ) 245 ಗೆರೆ, ಸೆಕೆಂಡಿಗೆ 60 ಫೀಲ್ಡ್, ಗುಣಿಸಿದರೆ 44,100. ಯುರೋಪಿನ ವಿಡಿಯೋದಲ್ಲಿ 3, 294, 50. ಅದೂ 44,100ಕ್ಕೇ ಬಂದು ನಿಲ್ಲುತ್ತದೆ.

ಇಲ್ಲೊಂದು ಹೊಂಡವಿದೆ. ಅಳತೆಯ ವೇಗದ ಅರ್ಧಕ್ಕಿಂತ ಮೇಲಿನ ಕಂಪನ ಒಳಗೆ ನುಗ್ಗಿದರೆ ಅದು ಸುಮ್ಮನೆ ಮಾಯವಾಗುವುದಿಲ್ಲ, ಮಡಚಿಕೊಂಡು ಕೆಳಗೆ ಬರುತ್ತದೆ. 44.1ರಲ್ಲಿ ಅಳೆಯುವಾಗ 30 ಕಿಲೋಹರ್ಟ್ಸಿನ ಗದ್ದಲ ಒಳಗೆ ಬಂದರೆ 14.1 ಕಿಲೋಹರ್ಟ್ಸಿನ ಸ್ವರವಾಗಿ ಕೂತುಬಿಡುತ್ತದೆ. ಸಿನಿಮಾದಲ್ಲಿ ಓಡುವ ಜಟಕಾದ ಚಕ್ರ ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತದಲ್ಲ, ಅದೇ ಜಾತಿಯ ಮೋಸ. ಇದಕ್ಕೆ ಏಲಿಯಾಸಿಂಗ್ ಎನ್ನುತ್ತಾರೆ. ಒಮ್ಮೆ ಮಡಚಿ ಒಳಗೆ ಬಂದದ್ದನ್ನು ಆಮೇಲೆ ಯಾವ ಸಾಫ್ಟ್‌ವೇರೂ ಬೇರೆ ಮಾಡಿ ತೆಗೆಯಲಾರದು. ಆದ್ದರಿಂದಲೇ ಅಳೆಯುವ ಮುಂಚೆಯೇ ಮೇಲಿನದನ್ನು ಸೋಸುವ ಫಿಲ್ಟರ್ ಬೇಕು.

2. ಒಳಗೆ ಹಾಲಿನವನ ಲೆಕ್ಕ

ಹಿಂದೆ ಎಡಿಸಿಗಳು ಪ್ರತಿ ಸಲವೂ ಪೂರ್ತಿ 16 ಬಿಟ್ಟಿನ ಲೆಕ್ಕ ಹಾಕಿ ಅಳೆಯುತ್ತಿದ್ದವು. ಅದಕ್ಕೆ ಮುಂದೆ ಬಹಳ ಕಡಿದಾದ ಅನಲಾಗ್ ಫಿಲ್ಟರ್ ಬೇಕಾಗುತ್ತಿತ್ತು, ಅದನ್ನು ಸರಿಯಾಗಿ ಕಟ್ಟುವುದು ದುಬಾರಿ. ಈಗ ಸಂಗೀತಕ್ಕೆ ಬಳಸುವ ಎಡಿಸಿಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಡೆಲ್ಟಾ-ಸಿಗ್ಮಾ ಬಗೆಯವು. ಜಪಾನಿನ ಇನೋಸೆ ಮತ್ತು ಯಸುದ ಸಂಗಡಿಗರು 1962ರಲ್ಲಿ ಪ್ರಕಟಿಸಿದ ಉಪಾಯ ಅದು.

ಹೀಗೆ ಯೋಚಿಸಿ. ಹಾಲಿನವನಿಗೆ ದಿನಕ್ಕೆ 37 ರೂಪಾಯಿ ಕೊಡಬೇಕು. ನಿಮ್ಮ ಹತ್ತಿರ ಇರುವುದು 100ರ ನೋಟು ಮಾತ್ರ, ಅವನ ಹತ್ತಿರ ಚಿಲ್ಲರೆ ಇಲ್ಲ. ಬಾಕಿ ಬರೆದಿಡುತ್ತೀರಿ, 100 ತುಂಬಿದ ದಿನ ಒಂದು ನೋಟು ಕೊಡುತ್ತೀರಿ. ಮೊದಲ ದಿನ ಬಾಕಿ 37, ಎರಡನೆಯ ದಿನ 74, ಮೂರನೆಯ ದಿನ 111. ಒಂದು ನೋಟು ಕೊಟ್ಟಿರಿ, ಉಳಿದದ್ದು 11. ಆರನೆಯ ದಿನ ಮತ್ತೊಂದು, ಒಂಬತ್ತನೆಯ ದಿನ ಇನ್ನೊಂದು. ಬರೆದರೆ 0, 0, 1, 0, 0, 1, 0, 0, 1... ನೂರು ದಿನಕ್ಕೆ ಸರಿಯಾಗಿ 37 ನೋಟು ಹೋಗಿರುತ್ತದೆ, ಬಾಕಿ ಸೊನ್ನೆ. ಯಾವ ಒಂದು ದಿನದ ಲೆಕ್ಕವೂ ನಿಖರವಲ್ಲ, ಆದರೆ ನೂರು ದಿನದ ಒಟ್ಟು ಲೆಕ್ಕ ನಿಖರ. ಕಾರಣ, ಪ್ರತಿ ದಿನದ ತಪ್ಪನ್ನು ಬಿಟ್ಟುಬಿಡದೆ ಮರುದಿನಕ್ಕೆ ಸೇರಿಸುತ್ತ ಬಂದಿದ್ದೀರಿ.

ಡೆಲ್ಟಾ-ಸಿಗ್ಮಾ ಎಡಿಸಿಯ ಮುಂದಿನ ಭಾಗಕ್ಕೆ ಮಾಡ್ಯುಲೇಟರ್ ಎಂದು ಹೆಸರು. ಅದು ಮಾಡುವುದು ಈ ಬಾಕಿ ಲೆಕ್ಕವನ್ನೇ, ಸೆಕೆಂಡಿಗೆ ಲಕ್ಷಾಂತರ ಸಲ. 96 ಕಿಲೋಹರ್ಟ್ಸಿನ 64 ಪಟ್ಟು ಎಂದರೆ ಸೆಕೆಂಡಿಗೆ 61,44,000 ಅಳತೆ. ಪ್ರತಿಯೊಂದೂ ಒರಟು, ಒಂದೇ ಬಿಟ್ ಅಥವಾ ಕೆಲವೇ ಬಿಟ್. ತಪ್ಪನ್ನು ಮುಂದಕ್ಕೆ ದಾಟಿಸುತ್ತ ಹೋಗುವುದರಿಂದ ಗದ್ದಲವೆಲ್ಲ ಕಿವಿಗೆ ಕೇಳದ ಮೇಲಿನ ಕಂಪನಗಳಿಗೆ ತಳ್ಳಲ್ಪಡುತ್ತದೆ. ಇದಕ್ಕೆ ನಾಯ್ಸ್ ಶೇಪಿಂಗ್ ಎನ್ನುತ್ತಾರೆ. ಅದರ ಹಿಂದೆ ಇರುವುದು ಡೆಸಿಮೇಶನ್ ಫಿಲ್ಟರ್. ಅದು ಒಟ್ಟು ಲೆಕ್ಕ ಕೂಡಿಸುವ ಗುಮಾಸ್ತ: ಮೇಲಿನ ಗದ್ದಲವನ್ನು ಕತ್ತರಿಸಿ, ಒರಟು ಅಳತೆಗಳನ್ನು ಕೂಡಿಸಿ, ಸೆಕೆಂಡಿಗೆ 96,000 ನಯವಾದ 24 ಬಿಟ್ ಅಂಕಿಗಳನ್ನು ಹೊರಗೆ ಕೊಡುತ್ತದೆ.

ಇದರ ದೊಡ್ಡ ಲಾಭವೆಂದರೆ ಒಳದಾರಿಯ ಅನಲಾಗ್ ಫಿಲ್ಟರ್ ಸರಳವಾಗಿದ್ದರೂ ನಡೆಯುತ್ತದೆ. 61 ಲಕ್ಷ ಹರ್ಟ್ಸಿನ ಹತ್ತಿರ ಬರುವ ಗದ್ದಲವನ್ನು ತಡೆದರಾಯಿತು. ಕೆಲವು ರೆಸಿಸ್ಟರ್, ಕೆಲವು ಕೆಪ್ಯಾಸಿಟರ್. ಆದರೆ ‘ಸರಳ’ ಎಂದರೆ ‘ಅಗ್ಗ’ ಎಂದಲ್ಲ. ಚಿಪ್ಪಿನೊಳಗೆ ಪುಟ್ಟ ಕೆಪ್ಯಾಸಿಟರೊಂದು ಪ್ರತಿ ಅಳತೆಗೂ ಹೊರಗಿನಿಂದ ಒಂದು ಗುಟುಕು ಚಾರ್ಜ್ ಎಳೆದುಕೊಳ್ಳುತ್ತದೆ. ಆ ಎಳೆತಕ್ಕೆ ಮುಂದಿರುವ ಆಂಪ್ಲಿಫೈಯರ್ ಅಲುಗಾಡಬಾರದು. ಅಲುಗಿದರೆ ಅದೇ ವಿಕೃತಿಯಾಗಿ ಅಂಕಿಯೊಳಗೆ ಸೇರಿಕೊಳ್ಳುತ್ತದೆ. ಒಳ್ಳೆಯ ಎಡಿಸಿಗೂ ಸಾಧಾರಣದ್ದಕ್ಕೂ ಇರುವ ವ್ಯತ್ಯಾಸ ಬಹುಪಾಲು ಇರುವುದು ಚಿಪ್ಪಿಗಿಂತ ಅದರ ಮುಂದಿನ ಈ ಅರ್ಧ ಇಂಚಿನ ಜಾಗದಲ್ಲಿ, ವಿದ್ಯುತ್ ಪೂರೈಕೆಯಲ್ಲಿ ಮತ್ತು ರೆಫರೆನ್ಸ್ ವೋಲ್ಟೇಜಿನಲ್ಲಿ. ರೆಫರೆನ್ಸ್ ಎಂದರೆ ಅಳತೆಪಟ್ಟಿ. ಪಟ್ಟಿಯೇ ನಡುಗುತ್ತಿದ್ದರೆ ಎಷ್ಟು ಗೆರೆ ಇದ್ದು ಏನು ಬಂತು?

ಅದಕ್ಕೇ 24 ಬಿಟ್ ಎಂಬ ಮಾತನ್ನು ಅಕ್ಷರಶಃ ನಂಬಬೇಡಿ. ಲೆಕ್ಕದ ಪ್ರಕಾರ 16 ಬಿಟ್ಟಿಗೆ 98 ಡೆಸಿಬಲ್, 24 ಬಿಟ್ಟಿಗೆ 146 ಡೆಸಿಬಲ್ ಡೈನಮಿಕ್ ರೇಂಜ್, ಅಂದರೆ ಅತಿ ಜೋರಿನ ಸದ್ದಿಗೂ ತಳದ ಸುಯ್‌ಗೂ ನಡುವಿನ ಅಂತರ. ಆದರೆ 2 ವೋಲ್ಟಿನ ಸಂಕೇತವನ್ನು (ತುದಿಯಿಂದ ತುದಿಗೆ ಅದು ಸುಮಾರು 5.7 ವೋಲ್ಟ್ ಏರಿಳಿಯುತ್ತದೆ) 24 ಬಿಟ್ಟಿಗೆ ಹಂಚಿದರೆ ಒಂದು ಗೆರೆ ಮೈಕ್ರೋವೋಲ್ಟಿನ ಮೂರನೇ ಒಂದು ಭಾಗದಷ್ಟಾಗುತ್ತದೆ. ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ 1,000 ಓಮ್ ರೆಸಿಸ್ಟರ್ ಕೋಣೆಯ ಶಾಖಕ್ಕೇ ಅದಕ್ಕಿಂತ ಹೆಚ್ಚು, ಅರ್ಧ ಮೈಕ್ರೋವೋಲ್ಟಿಗೂ ಮೇಲೆ, ಸದ್ದು ಮಾಡುತ್ತದೆ. ಹೀಗಾಗಿ ಹೈ-ಎಂಡ್ ಸ್ಟುಡಿಯೋಗಳಲ್ಲಿ ಹೆಸರು ಮಾಡಿದ ಚಿಪ್ಪುಗಳು ಸಹ 120 ಡೆಸಿಬಲ್ ಆಸುಪಾಸಿನಲ್ಲಿವೆ: ಸಿರಸ್ ಲಾಜಿಕ್‌ನ ಸಿಎಸ್5381ಕ್ಕೆ 120, ಎಕೆಎಂನ ಎಕೆ5394ಎಗೆ 123. (ಜಪಾನಿನ ನೊಬೆಯೊಕಾದಲ್ಲಿದ್ದ ಎಕೆಎಂ ಕಾರ್ಖಾನೆಗೆ 2020ರ ಅಕ್ಟೋಬರಿನಲ್ಲಿ ಬೆಂಕಿ ಬಿದ್ದ ಮೇಲೆ ಜಗತ್ತಿನ ಆಡಿಯೋ ಕಂಪನಿಗಳು ಪರದಾಡಿದವು; ಎಷ್ಟೋ ಮಂದಿ ಚಿಪ್ ಬದಲಿಸಿ ಬೋರ್ಡುಗಳನ್ನೇ ಹೊಸದಾಗಿ ಬರೆಯಬೇಕಾಯಿತು.)

ಇನ್ನು ನಿಮ್ಮ ಕ್ಯಾಸೆಟ್? ಡಾಲ್ಬಿ (ಟೇಪಿನ ಸುಯ್ ತಗ್ಗಿಸುವ ಏರ್ಪಾಡು) ಇಲ್ಲದ ಮನೆಯ ರೆಕಾರ್ಡಿಂಗಿಗೆ 50ರಿಂದ 60 ಡೆಸಿಬಲ್ ಸಿಕ್ಕಿದರೆ ಪುಣ್ಯ. ಒಳ್ಳೆಯ ಎಲ್‌ಪಿಗೆ 60ರಿಂದ 70.

3. ಕೊಳ್ಳುವಾಗ ಏನು ನೋಡಬೇಕು

ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿಗೆ ಹೋಗುವವರು ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಡೊಂಬಿವಲಿ, ಠಾಣೆ ಕಡೆಯವರು ದಾದರಿನಲ್ಲಿ ಪಶ್ಚಿಮ ಲೈನಿಗೆ ಬದಲಾಯಿಸಿ ಗ್ರಾಂಟ್ ರೋಡಿನಲ್ಲಿ ಇಳಿಯಬಹುದು. ಅಂಗಡಿಯಲ್ಲಿ ಕೇಳಬೇಕಾದ್ದು ‘192 ಇದೆಯಾ’ ಎಂದಲ್ಲ. ‘ಲೈನ್ ಇನ್‌ಪುಟ್ ಸ್ಟೀರಿಯೋ ಇದೆಯಾ’ ಎಂದು. ಲೈನ್ ಇನ್‌ಪುಟ್ ಎಂದರೆ ಡೆಕ್ಕಿನಂಥ ಯಂತ್ರದಿಂದ ಬರುವ ಸಂಕೇತಕ್ಕೆಂದೇ ಇರುವ ತೂತು.

ಬೆರಳುದ್ದದ ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡುಗಳಲ್ಲಿ ಗುಲಾಬಿ ಬಣ್ಣದ ತೂತು ಇರುತ್ತದೆ. ಅದು ಮೈಕಿನದು, ಸಾಮಾನ್ಯವಾಗಿ ಮೊನೊ, ಮೈಕಿಗೆ ಬೇಕಾದ ವೋಲ್ಟೇಜೂ ಅದರಲ್ಲೇ ಹೊರಗೆ ಬರುತ್ತಿರುತ್ತದೆ. ಡೆಕ್ಕಿನ ಲೈನ್ ಔಟ್ ಅದಕ್ಕೆ ಚುಚ್ಚಿದರೆ ಎಡ-ಬಲ ಒಂದಾಗಿ, ಲೆವೆಲ್ ಮಿತಿಮೀರಿ, ಒಡಕು ಸ್ವರ ಬರುತ್ತದೆ. ಲ್ಯಾಪ್‌ಟಾಪಿನ ಹೆಡ್‌ಸೆಟ್ ತೂತೂ ಹಾಗೆಯೇ.

ಕ್ಯಾಸೆಟ್ಟಿಗೆ ಮಾತ್ರವಾದರೆ ಬೆಹ್ರಿಂಗರ್ ಯುಸಿಎ202ರಂಥ ಸಣ್ಣ ಡಬ್ಬಿಯೂ ಸಾಕು ಎನ್ನುವವನು ನಾನು. ಅದು 16 ಬಿಟ್, 48 ಕಿಲೋಹರ್ಟ್ಸ್. ಡೆಕ್ಕಿನ ಹಿಂದೆ ಇರುವಂಥದೇ ಕೆಂಪು-ಬಿಳಿ ಆರ್‌ಸಿಎ ತೂತುಗಳಿರುವುದರಿಂದ ಕೇಬಲ್ಲಿನ ತಲೆನೋವಿಲ್ಲ. ಆದರೆ ಲೆವೆಲ್ ಹೊಂದಿಸಲು ಗುಂಡಿ ಇಲ್ಲ, ತಪ್ಪಿದರೆ ತಿದ್ದಿಕೊಳ್ಳಲು ಜಾಗ ಕಡಿಮೆ. ಮುಂದೆ ಎಲ್‌ಪಿಯನ್ನೂ ಮಾಡುವವರು, ಅಥವಾ ಸಂಘದ ಪರವಾಗಿ ನೂರಾರು ಟೇಪು ಕೈಗೆತ್ತಿಕೊಳ್ಳುವವರು 24 ಬಿಟ್ಟಿನ, ಲೆವೆಲ್ ಗುಂಡಿಯಿರುವ ಇಂಟರ್‌ಫೇಸನ್ನೇ ಕೊಳ್ಳಿ. ಅದರ ವಿವರ ಪತ್ರದಲ್ಲಿ ‘ಲೈನ್ ಇನ್‌ಪುಟ್ ಡೈನಮಿಕ್ ರೇಂಜ್’ ಎಂಬ ಸಾಲು ಹುಡುಕಿ. 105ಕ್ಕಿಂತ ಮೇಲಿದ್ದರೆ ಸಾಕು. ಆ ಸಾಲೇ ಇಲ್ಲದೆ ಬರೀ ‘24/192’ ಎಂದಷ್ಟೇ ಬರೆದಿದ್ದರೆ ಅನುಮಾನಪಡಿ.

ಪಿಸಿಎಂ1802 ಚಿಪ್ಪಿನ ಬರೀ ಬೋರ್ಡನ್ನು ಅಗ್ಗಕ್ಕೆ ತಂದು ‘ಕಂಪ್ಯೂಟರ್ ಗುರುತಿಸುತ್ತಿಲ್ಲ’ ಎನ್ನುವವರಿದ್ದಾರೆ. ಅದು ಗುರುತಿಸುವುದಿಲ್ಲ, ಏಕೆಂದರೆ ಅದರಲ್ಲಿ ಯುಎಸ್‌ಬಿ ಇಲ್ಲ. ಅದು ಬೇರೊಂದು ಸರ್ಕ್ಯೂಟಿಗೆ ಅಂಕಿ ಒಪ್ಪಿಸುವ ಬಿಡಿಭಾಗ. ಕೈಯಲ್ಲಿ ಬೆಸುಗೆ ಕಡ್ಡಿ ಹಿಡಿದು ಅಭ್ಯಾಸ ಇದ್ದವರಿಗೆ ಮಾತ್ರ.

ಯಾವಾಗ ಅಳೆಯಬೇಕೆಂದು ತಾಳ ಹಾಕುವ ಕ್ಲಾಕ್ ಬಗ್ಗೆ ಒಂದು ಮಾತು. ಅಳತೆಗಳ ನಡುವಿನ ಅಂತರ ಸಮನಾಗಿಲ್ಲದಿದ್ದರೆ ಅದಕ್ಕೆ ಜಿಟ್ಟರ್ ಎನ್ನುತ್ತಾರೆ. 10 ಕಿಲೋಹರ್ಟ್ಸಿನ ಜೋರು ಸ್ವರವನ್ನು ಅಳೆಯುವಾಗ ಒಂದು ನ್ಯಾನೋಸೆಕೆಂಡ್ ಏರುಪೇರಾದರೆ ಶುದ್ಧತೆ 84 ಡೆಸಿಬಲ್ಲಿಗೆ ಇಳಿಯುತ್ತದೆ. ಅದರ ಹತ್ತನೇ ಒಂದು ಭಾಗವಾದರೆ 104. ಈಗಿನ ಸಾಧಾರಣ ಕ್ರಿಸ್ಟಲ್ಲುಗಳೂ ಇದನ್ನು ಸುಲಭವಾಗಿ ದಾಟುತ್ತವೆ. ಕ್ಯಾಸೆಟ್ಟಿನ ಮೋಟಾರು ಮತ್ತು ಬೆಲ್ಟು ಮಾಡುವ ವೇಗದ ಏರುಪೇರು ಇದರ ಸಾವಿರ ಪಟ್ಟಿಗೂ ಮಿಕ್ಕಿದ್ದು. ಹಾಗಿರುವಾಗ ದುಬಾರಿಯ ರುಬಿಡಿಯಂ ಪರಮಾಣು ಕ್ಲಾಕ್ ತಂದು ಮುಂದೆ ಕೂರಿಸುವುದು ತೂತು ಕೊಡಕ್ಕೆ ಬೆಳ್ಳಿ ಮುಚ್ಚಳ ಮಾಡಿಸಿದ ಹಾಗೆ. ಆ ದುಡ್ಡಿಗೆ ಒಳ್ಳೆಯ ಡೆಕ್ಕನ್ನು ಸರ್ವಿಸ್ ಮಾಡಿಸಿ. ಡೆಕ್ಕು, ಬೆಲ್ಟು ಹುಡುಕುವವರಿಗೆ ಚೋರ್ ಬಜಾರ್ ಇದೆ. ಅಲ್ಲಿಗೆ ಶುಕ್ರವಾರ ಹೋಗಬೇಡಿ.

4. ಮೊದಲು ಕ್ಯಾಸೆಟ್ಟಿನ ಆರೈಕೆ

ಮೊದಲ ಕೆಲಸ: ಕ್ಯಾಸೆಟ್ಟಿನ ಬೆನ್ನಿನ ಎರಡು ಪ್ಲಾಸ್ಟಿಕ್ ಕಿವಿಗಳನ್ನು ಮುರಿಯಿರಿ. ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೆ ಅಜ್ಜಿಯ ಹಾಡು ಅಲ್ಲಿಗೆ ಮುಗಿಯಿತು.

ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಸುರುಳಿಯನ್ನು ನೋಡಿ. ಮುಂಬಯಿ ಮಳೆಗಾಲದ ಥಂಡಿಗೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿದಿರುತ್ತದೆ, ಹಿಟ್ಟು ಚಿಮುಕಿಸಿದ ಹಾಗೆ. ಅದನ್ನು ಹಾಗೇ ಓಡಿಸಿದರೆ ಹೆಡ್ಡಿಗೂ ಹತ್ತಿ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಅಂಥದನ್ನು ಬೇರೆ ಇಡಿ, ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಯಲ್ಲಿ ಚೆನ್ನಾಗಿ ಒಣಗಿಸಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಗಾಳಿಯಾಡುವಲ್ಲಿ ಒರೆಸಿ. ಒಳಗಿನ ಲೋಹದ ಪಟ್ಟಿಗೆ ಅಂಟಿದ ಪುಟ್ಟ ಬಟ್ಟೆಯ ಒತ್ತು ಬಿದ್ದುಹೋಗಿದ್ದರೆ ಬೇರೆ ಹಾಳು ಕ್ಯಾಸೆಟ್ಟಿನದನ್ನು ತೆಗೆದು ಹಾಕಬಹುದು. ಎಲ್ಲ ಸರಿಯಿದ್ದರೆ ಕೊನೆಯ ತನಕ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುತ್ತಿಸಿ. ವರ್ಷಗಟ್ಟಲೆ ಅಂಟಿ ಕೂತ ಸುರುಳಿ ಸಡಿಲವಾಗುತ್ತದೆ.

ಡೆಕ್ಕಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಹತ್ತಿ ಕಂದು ಬಣ್ಣ ಬಿಡುವುದು ನಿಲ್ಲುವ ತನಕ. ರಬ್ಬರ್ ಚಕ್ರಕ್ಕೆ ಸಾಬೂನು ನೀರು ಸಾಕು.

ಈಗ ಅಜಿಮತ್. ಹೆಡ್ಡಿನ ಸೀಳು ಟೇಪಿಗೆ ಸರಿಯಾಗಿ ಲಂಬವಾಗಿರಬೇಕು. ಆ ಕೋನದ ಹೆಸರು ಅದು. ಮನೆಯ ಟೂ-ಇನ್-ವನ್ನಿನಲ್ಲಿ ಹಿಡಿದ ಟೇಪು ಆ ಯಂತ್ರದ ಓರೆಯಲ್ಲೇ ಹಿಡಿದಿರುತ್ತದೆ. ನಿಮ್ಮ ಒಳ್ಳೆಯ ಡೆಕ್ಕಿನಲ್ಲಿ ಹಾಕಿದರೆ ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತದೆ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಸಣ್ಣ ಸ್ಕ್ರೂ ಒಂದಿದೆ. ಮೊದಲು ಅದರ ಈಗಿನ ಸ್ಥಾನವನ್ನು ಪೆನ್ನಿನಿಂದ ಗುರುತು ಮಾಡಿ. ಟೇಪು ಓಡುತ್ತಿರುವಾಗ, ಎಡ-ಬಲ ಎರಡನ್ನೂ ಕೂಡಿಸಿ ಮೊನೊದಲ್ಲಿ ಕೇಳುತ್ತ, ಕೂದಲೆಳೆಯಷ್ಟು ತಿರುಗಿಸಿ. ತಾಳದ ಕಿಣಿಕಿಣಿ, ‘ಸ’ಕಾರದ ಸುಯ್ ಎಲ್ಲಿ ಅತಿ ತೆರೆದು ಕೇಳುತ್ತದೋ ಅಲ್ಲಿ ನಿಲ್ಲಿಸಿ. ಸಾವಿರಾರು ರೂಪಾಯಿ ಕೊಟ್ಟು ಎಡಿಸಿ ಬದಲಿಸಿದರೂ ಸಿಗದ ವ್ಯತ್ಯಾಸ ಈ ಕಾಲು ಸುತ್ತಿನಲ್ಲಿ ಸಿಗುತ್ತದೆ. ಇದನ್ನು ಪ್ರತಿ ಕ್ಯಾಸೆಟ್ಟಿಗೂ ಮಾಡಬೇಕು, ಬೇಸರ ಮಾಡಿಕೊಳ್ಳಬೇಡಿ.

ಡಾಲ್ಬಿ ಗುಂಡಿಯನ್ನು, ಡಾಲ್ಬಿಯಲ್ಲೇ ಹಿಡಿದ ಟೇಪಿಗೆ ಮಾತ್ರ ಹಾಕಿ. ಟೂ-ಇನ್-ವನ್ ರೆಕಾರ್ಡಿಂಗಿಗೆ ಬೇಡ.

ಎಲ್‌ಪಿಯಾದರೆ ಬೇರೆ ಕಥೆ. ಸಾಧಾರಣ ಎಂಎಂ (ಮೂವಿಂಗ್ ಮ್ಯಾಗ್ನೆಟ್) ಕಾರ್ಟ್ರಿಜ್, ಅಂದರೆ ಸೂಜಿ ಕೂತಿರುವ ಭಾಗ, 3ರಿಂದ 5 ಮಿಲಿವೋಲ್ಟ್ ಮಾತ್ರ ಕೊಡುತ್ತದೆ. ಅದೂ ಮಂದ್ರ ಕುಗ್ಗಿಸಿ ತಾರ ಹಿಗ್ಗಿಸಿ ಕೊರೆದ ಸಂಕೇತ. ಅದನ್ನು ಮರಳಿ ಸಮ ಮಾಡುವುದಕ್ಕೆ ಆರ್‌ಐಎಎ ಫೋನೊ ಪ್ರೀಆಂಪ್ ಬೇಕೇ ಬೇಕು. ಇಲ್ಲದಿದ್ದರೆ ತಗಡಿನ ಸದ್ದು. ಟರ್ನ್‌ಟೇಬಲ್ಲಿನ ಒಳಗೂ ಒಂದು, ಹೊರಗೂ ಒಂದು ಪ್ರೀಆಂಪ್ ಆದರೆ ಗುಮ್ಮೆನ್ನುವ ಸದ್ದು. ಹಿಂಬದಿಯ ‘ಫೋನೊ/ಲೈನ್’ ಸ್ವಿಚ್ ನೋಡಿಕೊಳ್ಳಿ.

5. ಜೋಡಿಸುವುದು

ಡೆಕ್ಕಿನ ಲೈನ್ ಔಟ್‌ನಿಂದ ಎಡಿಸಿಯ ಲೈನ್ ಇನ್‌ಗೆ. ಲೈನ್ ಔಟ್ ಇಲ್ಲದ ಟೂ-ಇನ್-ವನ್ ಆದರೆ ಹೆಡ್‌ಫೋನ್ ತೂತಿನಿಂದ ತೆಗೆಯಬಹುದು, ವಾಲ್ಯೂಮ್ ಅರ್ಧದ ಹತ್ತಿರ ಇಟ್ಟು.

ಇಲ್ಲಿ ಒಂದೇ ತಪ್ಪನ್ನು ಬಹಳ ಮಂದಿ ಮಾಡುತ್ತಾರೆ. ಇಂಟರ್‌ಫೇಸಿನಲ್ಲಿ ಕಾಲಿಂಚಿನ ದಪ್ಪ ತೂತು ಎರಡಿರುತ್ತದೆ, ಎಡಕ್ಕೊಂದು, ಬಲಕ್ಕೊಂದು. ಅಂಗಡಿಯವರು ಕೊಡುವುದು ಒಂದು ತುದಿಗೆ ಎರಡು ಆರ್‌ಸಿಎ, ಇನ್ನೊಂದು ತುದಿಗೆ ಒಂದೇ ಸ್ಟೀರಿಯೋ ಪ್ಲಗ್ ಇರುವ ಕೇಬಲ್. ಅದನ್ನು ಒಂದು ತೂತಿಗೆ ಚುಚ್ಚಿದರೆ ಆಗುವುದೇನು? ಆ ತೂತು ಬ್ಯಾಲೆನ್ಸ್ಡ್ ಬಗೆಯದು: ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುತ್ತದೆ. ಅಂದರೆ ಎಡದಿಂದ ಬಲವನ್ನು ಕಳೆಯುತ್ತದೆ. ಎರಡರಲ್ಲೂ ಸಮನಾಗಿರುವ ಗಾಯಕರ ಸ್ವರ ಪೂರ್ತಿ ಮಾಯ, ಉಳಿಯುವುದು ಬದಿಯ ವಾದ್ಯಗಳ ಪ್ರೇತ. ‘ಹಾಡು ಹೋಗಿ ಬರೀ ತಬಲಾ ಉಳಿದಿದೆ, ಕ್ಯಾಸೆಟ್ ಹಾಳಾಯಿತಾ’ ಎಂದು ಗಾಬರಿಯಿಂದ ಕೇಳುವವರಿಗೆ ನಾನು ಮೊದಲು ಕೇಳುವುದು ಕೇಬಲ್ಲಿನ ಬಗ್ಗೆ. ಬೇಕಾದದ್ದು ಒಂದು ಆರ್‌ಸಿಎಗೆ ಒಂದು ಮೊನೊ ಪ್ಲಗ್, ಹೀಗೆ ಎರಡು.

ಸ್ವಿಚ್ಚು ‘ಲೈನ್’ನಲ್ಲಿರಲಿ, ‘ಇನ್‌ಸ್ಟ್ರುಮೆಂಟ್’ನಲ್ಲಲ್ಲ. 48 ವೋಲ್ಟ್ ಎಂದು ಬರೆದ ಗುಂಡಿ ಮೈಕಿಗೆ. ಅದು ಆಫ್ ಇರಲಿ.

6. ಓಡಿಸುವ ಮುಂಚೆ ಮೌನವನ್ನು ರೆಕಾರ್ಡ್ ಮಾಡಿ

ಡೆಕ್ ಆನ್ ಇರಲಿ, ಕ್ಯಾಸೆಟ್ ಓಡುವುದು ಬೇಡ. ಅರ್ಧ ನಿಮಿಷ ರೆಕಾರ್ಡ್ ಮಾಡಿ, ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರಿನಲ್ಲಿ ಸ್ಪೆಕ್ಟ್ರಮ್ (ಯಾವ ಕಂಪನ ಎಷ್ಟಿದೆ ಎಂದು ತೋರಿಸುವ ನಕ್ಷೆ) ತೆರೆಯಿರಿ. ಮುಂಬಯಿಯ ಹಳೆಯ ಕಟ್ಟಡಗಳ ವೈರಿಂಗಿನ ಜಾತಕ ಅಲ್ಲಿ ಬರೆದಿರುತ್ತದೆ.

50 ಹರ್ಟ್ಸಿನಲ್ಲಿ ಕಂಬ ಎದ್ದಿದ್ದರೆ ಕೇಬಲ್ ಯಾವುದೋ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಹಾದಿರಬಹುದು, ಸರಿಸಿ ನೋಡಿ. 50, 100, 150 ಹೀಗೆ ಸಾಲು ಕಂಬಗಳಿದ್ದರೆ ಗ್ರೌಂಡ್ ಲೂಪ್: ಡೆಕ್ಕಿಗೂ ಲ್ಯಾಪ್‌ಟಾಪಿಗೂ ಎರಡು ದಾರಿಯಲ್ಲಿ ಅರ್ಥ್ ಸೇರಿ, ಆ ಬಳೆಯಲ್ಲಿ ಕರೆಂಟು ಹರಿಯುತ್ತಿದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ; ಆಗಲೂ ಹೋಗದಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಳಚಿ ಬ್ಯಾಟರಿಯ ಮೇಲೆ ಓಡಿಸಿ. ಬಹುಪಾಲು ಅಲ್ಲಿಗೆ ಮುಗಿಯುತ್ತದೆ. ಮುಗಿಯದಿದ್ದರೆ ಆಡಿಯೋ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ. 1 ಅಥವಾ 8 ಕಿಲೋಹರ್ಟ್ಸಿನಲ್ಲಿ ಕೊರೆಯುವ ಕೀ ಸದ್ದಿದ್ದರೆ ಅದು ಯುಎಸ್‌ಬಿಯದು. ಬೇರೆ ತೂತು, ಗಿಡ್ಡ ಕೇಬಲ್. ಟಿರ್ ಟಿರ್ ಎಂದರೆ ಸೀಲಿಂಗ್ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ಒಮ್ಮೆ ಆರಿಸಿ ನೋಡಿ.

ಎಚ್ಚರಿಕೆ: ಗುಂಯ್ ಸದ್ದು ಹೋಗಲೆಂದು ತ್ರೀ-ಪಿನ್ ಪ್ಲಗ್ಗಿನ ದಪ್ಪ ಪಿನ್ನನ್ನು ಕತ್ತರಿಸುವವರಿದ್ದಾರೆ. ಸದ್ದು ಹೋಗುತ್ತದೆ, ಶಾಕಿನಿಂದ ಕಾಯುವ ದಾರಿಯೂ ಹೋಗುತ್ತದೆ. ಖಂಡಿತ ಮಾಡಬೇಡಿ.

‘ರೆಕಾರ್ಡ್ ಆಗುವಾಗ ಮನೆಯಲ್ಲಿ ಮಾತಾಡಬಹುದಾ, ಕುಕ್ಕರ್ ಕೂಗಿದರೆ?’ ಕ್ಯಾಸೆಟ್ಟಿಗೆ ಏನೂ ಆಗದು, ಇಲ್ಲಿ ಮೈಕೇ ಇಲ್ಲವಲ್ಲ. ಎಲ್‌ಪಿಗೆ ಮಾತ್ರ ಹುಷಾರು. ಸೂಜಿ ನೆಲದ ಅದುರನ್ನೂ ಹಿಡಿಯುತ್ತದೆ. ರೈಲ್ವೆ ಹಳಿಯ ಪಕ್ಕದ ಮನೆಯವರು ಕೊನೆಯ ಲೋಕಲ್ ಹೋದ ಮೇಲೆ ಮಾಡಿದರೆ ಒಳ್ಳೆಯದು.

7. ಲೆವೆಲ್: ಕೆಂಪಿನಿಂದ ದೂರ

ಅನಲಾಗ್ ಟೇಪಿನ ಕಾಲದವರಿಗೆ ಮುಳ್ಳು ಕೆಂಪಿಗೆ ತಾಗುವಷ್ಟು ಏರಿಸುವ ಅಭ್ಯಾಸ. ಟೇಪು ಸ್ವಲ್ಪ ಮಿತಿಮೀರಿದರೆ ಮೆತ್ತಗೆ ಬಾಗುತ್ತದೆ. ಎಡಿಸಿ ಬಾಗುವುದಿಲ್ಲ. ಅಳತೆಪಟ್ಟಿಯ ಕೊನೆಯ ಗೆರೆ 0 ಡಿಬಿಎಫ್‌ಎಸ್. ಅದಕ್ಕಿಂತ ಮೇಲೆ ಬರೆಯಲು ಅಂಕಿಯೇ ಇಲ್ಲ. ಅಲೆಯ ತಲೆಯನ್ನು ಮಟ್ಟಸವಾಗಿ ಕಡಿದುಹಾಕುತ್ತದೆ. ಕಡಿದದ್ದು ಮರಳಿ ಬಾರದು.

ಆದ್ದರಿಂದ ಕ್ಯಾಸೆಟ್ಟಿನ ಅತಿ ಜೋರಿನ ಭಾಗ ಹುಡುಕಿ. ತಾಳಮದ್ದಳೆಯಲ್ಲಿ ಅದು ಅರ್ಥಧಾರಿಯ ಕೂಗಲ್ಲ, ಚೆಂಡೆಯ ‘ಬಿಡ್ತಿಗೆ’ ಎಂಬ ನುಡಿಸಾಣಿಕೆ. ಅಲ್ಲಿ ಮೀಟರಿನ ತುದಿ ಮೈನಸ್ 12ರ ಹತ್ತಿರ ನಿಲ್ಲುವಂತೆ ಗುಂಡಿ ತಿರುಗಿಸಿ. ‘ಅಷ್ಟು ಜಾಗ ಹಾಳು ಮಾಡುವುದೇಕೆ’ ಎನ್ನಬೇಡಿ: 12 ಡೆಸಿಬಲ್ ಎಂದರೆ ಎರಡು ಬಿಟ್, 24 ಬಿಟ್ಟಿನಲ್ಲಿ ಅದು ಲೆಕ್ಕಕ್ಕಿಲ್ಲ, 110 ಡೆಸಿಬಲ್ಲಿನ ಎಡಿಸಿಯಲ್ಲಿ ಇನ್ನೂ 98 ಉಳಿಯುತ್ತದೆ, ಕ್ಯಾಸೆಟ್ಟಿಗೆ ಬೇಕಾದದ್ದು 60. 24 ಬಿಟ್ಟಿನ ನಿಜವಾದ ಉಪಯೋಗ ಇದೇ, ನೆಮ್ಮದಿಯಿಂದ ಕೈಬಿಟ್ಟು ಕೂರುವುದು. 16 ಬಿಟ್ಟಿನ ಡಬ್ಬಿಯಾದರೆ ಮೈನಸ್ 6ರ ತನಕ ಹೋಗಬಹುದು.

ಕಂಪ್ಯೂಟರಿನಲ್ಲಿ ‘ಆಟೋಮ್ಯಾಟಿಕ್ ಗೇನ್’, ‘ಎನ್‌ಹಾನ್ಸ್‌ಮೆಂಟ್ಸ್’, ‘ನಾಯ್ಸ್ ಸಪ್ರೆಶನ್’ ಎಂಬುದೆಲ್ಲವನ್ನೂ ಆಫ್ ಮಾಡಿ. ನಾನು ಒಮ್ಮೆ ಇದನ್ನು ಮರೆತು ನಾಲ್ಕು ಗಂಟೆಯ ಪ್ರಸಂಗವೊಂದನ್ನು ಇಳಿಸಿದ್ದೆ. ಚೆಂಡೆಯ ಒಂದೊಂದು ಪೆಟ್ಟಿಗೂ ಭಾಗವತರ ಸ್ವರ ಮುಳುಗಿ, ಮತ್ತೆ ತೇಲಿ ಬರುತ್ತಿತ್ತು. ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು.

8. ಸೆಟ್ಟಿಂಗ್, ರೆಕಾರ್ಡಿಂಗ್

ಕ್ಯಾಸೆಟ್ಟಿಗೆ 48 ಕಿಲೋಹರ್ಟ್ಸ್, 24 ಬಿಟ್ (16 ಬಿಟ್ಟಿನ ಡಬ್ಬಿಯಾದರೆ 16). ಧ್ವನಿ ದಾಖಲೆ ಕಾಪಿಡುವವರ ಅಂತರರಾಷ್ಟ್ರೀಯ ಸಂಘವಾದ ಐಎಎಸ್‌ಎಯ ಮಾರ್ಗಸೂಚಿಯೂ ಕನಿಷ್ಠ ಇಷ್ಟಿರಲಿ ಎನ್ನುತ್ತದೆ. ಎಲ್‌ಪಿಗೆ 96 ಇಟ್ಟುಕೊಳ್ಳಿ. ಗೀರಿನ ಟಿಕ್ ಸದ್ದುಗಳು ಮೊನಚಾಗಿ ದಾಖಲಾಗುವುದರಿಂದ ಆಮೇಲೆ ಸಾಫ್ಟ್‌ವೇರು ಅವನ್ನು ಗುರುತಿಸಿ ತೆಗೆಯುವುದು ಸುಲಭ. 192ರಿಂದ ಫೈಲು ಉಬ್ಬುವುದು ಬಿಟ್ಟರೆ ನನಗೆ ಏನೂ ಕೇಳಿಸಿಲ್ಲ.

ವಿಂಡೋಸ್‌ನ ಸೌಂಡ್ ಸೆಟ್ಟಿಂಗಿನಲ್ಲೂ ಸಾಫ್ಟ್‌ವೇರಿನಲ್ಲೂ ಒಂದೇ ಸ್ಯಾಂಪಲ್ ರೇಟ್ ಇರಲಿ. ಒಂದು ಕಡೆ 44.1, ಇನ್ನೊಂದು ಕಡೆ 48 ಇದ್ದರೆ ನಡುವೆ ಕಂಪ್ಯೂಟರ್ ನಿಮಗೆ ಹೇಳದೆ ಅಂಕಿಗಳನ್ನು ಮರುಲೆಕ್ಕ ಹಾಕುತ್ತದೆ. ಲ್ಯಾಪ್‌ಟಾಪ್ ನಿದ್ದೆಗೆ ಜಾರದಂತೆ ಮಾಡಿ, ವೈ-ಫೈ ಆರಿಸಿ, ಮೊಬೈಲನ್ನು ಆಚೆ ಕೋಣೆಯಲ್ಲಿಡಿ.

96 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ ಆದರೆ ನಿಮಿಷಕ್ಕೆ ಸುಮಾರು 35 ಎಂಬಿ, ಗಂಟೆಗೆ 2 ಜಿಬಿಗೂ ಸ್ವಲ್ಪ ಹೆಚ್ಚು. ಸಾಮಾನ್ಯ ವೇವ್ ಫೈಲಿನ ಮಿತಿ 4 ಜಿಬಿ, ಹಾಗಾಗಿ ಎರಡು ಗಂಟೆ ದಾಟಿದರೆ ತೊಂದರೆ. ಸಿ-90 ಕ್ಯಾಸೆಟ್ಟಿನ ಒಂದು ಬದಿ 45 ನಿಮಿಷ. ಬದಿಗೊಂದು ಫೈಲು ಮಾಡಿ.

ಮೊದಲ ಐದು ನಿಮಿಷ ಹೆಡ್‌ಫೋನಿನಲ್ಲಿ ಕೂತು ಕೇಳಿ. ಆಮೇಲೆ ಬೇಕಾದರೆ ಚಹಾಕ್ಕೆ ಎದ್ದು ಹೋಗಿ.

9. ಉಳಿಸುವುದು

ರೆಕಾರ್ಡ್ ಆದ ಫೈಲನ್ನು ಮುಟ್ಟದೆ ಹಾಗೇ ಫ್ಲ್ಯಾಕ್ ರೂಪದಲ್ಲಿ ಇಡಿ. ಅದು ಗಾತ್ರ ಇಳಿಸಿದರೂ ಒಂದು ಅಂಕಿಯನ್ನೂ ಬಿಡುವುದಿಲ್ಲ. ಸುಯ್ ತೆಗೆಯುವುದು, ಟಿಕ್ ತೆಗೆಯುವುದು, ತುಂಡು ಮಾಡುವುದು ಎಲ್ಲ ಪ್ರತಿಯ ಮೇಲೆ. ಸುಯ್ ತೆಗೆಯುವ ಹುಮ್ಮಸ್ಸಿನಲ್ಲಿ ತಂಬೂರಿಯನ್ನೇ ತೆಗೆದು ಕಳುಹಿಸಿದವರನ್ನು ನೋಡಿದ್ದೇನೆ.

ಮನೆಯವರಿಗೆ ಹಂಚಲು 16 ಬಿಟ್ಟಿಗೆ ಇಳಿಸುವಾಗ ಡಿದರ್ ಆನ್ ಇರಲಿ. ಗೆರೆಗಳು ಕಡಿಮೆಯಾಗುವಾಗ ಆಗುವ ತಪ್ಪು ಸಂಗೀತದ ಜೊತೆ ಅಂಟಿಕೊಂಡು ಒರಟಾಗಿ ಕೇಳದಿರಲೆಂದು, ಬೇಕೆಂದೇ ಒಂದು ಗೆರೆಯಷ್ಟು ಸಣ್ಣ ಸುಯ್ ಬೆರೆಸುವುದಕ್ಕೆ ಡಿದರ್ ಎಂದು ಹೆಸರು. ವಾಟ್ಸಾಪಿಗೆ ಎಂಪಿ3 ಸಾಕು.

ಫೈಲಿನ ಹೆಸರಿನಲ್ಲಿ ವರ್ಷ, ಊರು, ಹಾಡಿದವರು, ಕ್ಯಾಸೆಟ್ಟಿನ ಬದಿ ಬರೆಯಿರಿ. ಲೇಬಲ್ಲಿನ ಮೇಲೆ ಯಾರೋ ಪೆನ್ಸಿಲಿನಲ್ಲಿ ಗೀಚಿದ್ದನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಅದೇ ಫೋಲ್ಡರಿನಲ್ಲಿ ಹಾಕಿ. ಒಂದು ಪ್ರತಿ ಮನೆಯ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಊರಿನ ಅಣ್ಣನದೋ ತಂಗಿಯದೋ ಮನೆಯಲ್ಲಿ. ಕ್ಯಾಸೆಟ್ಟನ್ನು ಎಸೆಯಬೇಡಿ: ನಾಳೆ ಇನ್ನೂ ಒಳ್ಳೆಯ ಡೆಕ್ ಸಿಕ್ಕೀತು. ಅದೇ ಬಿಸ್ಕತ್ತಿನ ಡಬ್ಬಿಗೆ ಹೊಸ ಸಿಲಿಕಾ ಜೆಲ್ ಹಾಕಿ ಇಡಿ. ಜೂನ್ ಬರುವ ಮುಂಚೆ ಲಾಫ್ಟಿನಿಂದ ಇಳಿಸಿ ಕಪಾಟಿನ ಮೇಲಿನ ಅರೆಗೆ, ಹೊರಗಿನ ಗೋಡೆಗೆ ತಾಗದ ಹಾಗೆ.